ದೇವಸಹಾಯಂ ಹೊಲಿದ ಎರಡು ತೂತು

ದೇವಸಹಾಯಂ ಜೀವಮಾನದಲ್ಲಿ ಒಂದು ಕಾಗೆಯನ್ನೂ ಹೊಡೆದವನಲ್ಲ. ಆದರೂ ಐವತ್ತರ ದಶಕದ ಮೈಸೂರಿನಲ್ಲಿ ಯಾವ ಮೃಗಕ್ಕೆ ಯಾವ ಗುಂಡು ಎಂಬ ಪ್ರಶ್ನೆ ಎದ್ದರೆ ಷಿಕಾರಿಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಜೀಪಿನವರು, ಕಾರಿನವರು, ಅರಮನೆಯ ದೂರದ ನೆಂಟರು, ಕಾಫಿ ತೋಟದ ಸಾಹೇಬರು, ಎಲ್ಲರೂ ಬಂದು ಅವನ ಕಿಟಕಿಯ ಮುಂದೆ ನಿಂತು, ಅವನು ಸೂಜಿಯಿಂದ ತಲೆ ಎತ್ತುವವರೆಗೆ ಕಾಯುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಪಕ್ಕದ ಮನೆಯವನು ನಾನು. ನಮ್ಮಿಬ್ಬರ ಸಂಸಾರಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳುವಾದದ್ದು. ಹಾಗಾಗಿ ನಾನು ಹೇಳುವುದರಲ್ಲಿ ಕಂಡದ್ದರ ಜೊತೆಗೆ ಕಿವಿಗೆ ಬಿದ್ದದ್ದೂ ಸೇರಿದೆ.

ಅವನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ಊರವರು ಹುಲಿ ಕಾರ್ಖಾನೆ ಎನ್ನುತ್ತಿದ್ದರು. ಬೇಟೆಯವರು ತಂದುಕೊಟ್ಟ ಚರ್ಮವನ್ನು ಹದ ಮಾಡಿ, ಒಳಗೆ ಕಾಗದ ಅಂಟಿಸಿ ಮಾಡಿದ ಗಟ್ಟಿ ಮೈಯನ್ನು ಕೂರಿಸಿ, ಗಾಜಿನ ಕಣ್ಣಿಟ್ಟು, ಜೀವ ಇದ್ದ ಹಾಗೆಯೇ ನಿಲ್ಲಿಸಿಕೊಡುವುದು ಅಲ್ಲಿಯ ಕಸುಬು. ನಮ್ಮ ಕಾಡಿನ ಹುಲಿ ಚಿರತೆಗಳಷ್ಟೇ ಅಲ್ಲ, ಆಫ್ರಿಕಾದಿಂದಲೂ ಹಡಗಿನ ಮೇಲೆ ಪೆಟ್ಟಿಗೆಗಳು ಬರುತ್ತಿದ್ದವು. ಸಿಂಹ, ತಿರುಚಿದ ಕೊಂಬಿನ ದೊಡ್ಡ ಜಿಂಕೆ, ಆಗೊಮ್ಮೆ ಈಗೊಮ್ಮೆ ಅಲ್ಲಿಯ ಕಾಡುಕೋಣ. ದೇವಸಹಾಯಂ ಅಲ್ಲಿ ಎರಡು ಕೆಲಸ ನೋಡುತ್ತಿದ್ದ. ಬುರುಡೆಗಳನ್ನು ಹಂಡೆಯಲ್ಲಿ ಬೇಯಿಸಿ, ಕೆರೆದು, ಬಿಳಿ ಮಾಡುವುದು ಒಂದು. ಚರ್ಮದಲ್ಲಿ ಗುಂಡು ಮಾಡಿದ ತೂತುಗಳನ್ನು ಹೊಲಿಯುವುದು ಇನ್ನೊಂದು. ಅವನು ಹೊಲಿದ ಮೇಲೆ ತೂತು ಎಲ್ಲಿತ್ತು ಎಂದು ಹೊಡೆದವನೇ ಬಂದು ಹುಡುಕಿದರೂ ಸಿಗುತ್ತಿರಲಿಲ್ಲ. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದದ್ದೇ.

ಚರ್ಮದ ಒಳಗಡೆಗೆ ಅಂಟಿಕೊಂಡು, ಮೂಳೆಯೊಳಗೆ ಸಿಕ್ಕಿಕೊಂಡು ಬಂದ ಗುಂಡುಗಳನ್ನು ಅವನು ಎಸೆಯುತ್ತಿರಲಿಲ್ಲ. ಹೆಂಡತಿ ಪೌಲಿನ್ ಹತ್ತಿರ ಒಂದು ದೊಡ್ಡ ಗಾಜಿನ ಜಾಡಿ ಇಸಿದುಕೊಂಡು ಹೋಗಿ ಅದರಲ್ಲಿ ತುಂಬುತ್ತಿದ್ದ. ಜಾಡಿ ಕಾರ್ಖಾನೆಯಲ್ಲಿ ಅವನ ಕಿಟಕಿಯ ಮೇಲೆ ಇರುತ್ತಿತ್ತು. ಯಾರಾದರೂ ಗುಂಡಿನ ಮಾತೆತ್ತಿದರೆ ಜಾಡಿಯನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೂ ಬೆರಳಿನಲ್ಲಿ ಹಿಡಿದು, ಇದು ಸಿಂಹದ ಪಕ್ಕೆಯದು, ಇದು ಜಿಂಕೆಯ ಹೆಗಲಿನದು ಎಂದು ಶುರು ಮಾಡುತ್ತಿದ್ದ. ಶುರು ಮಾಡಿದರೆ ಬೇಗ ಮುಗಿಯುತ್ತಿರಲಿಲ್ಲ.

ಬೇಟೆಯ ಗಂಧವಿಲ್ಲದವರಿಗೆ ಒಂದು ಮಾತು ಹೇಳಬೇಕು. ರೈಫಲಿನ ಗುಂಡಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಸಾಫ್ಟ್ ಎನ್ನುತ್ತಾರೆ. ಅದರ ಮೂತಿಯಲ್ಲಿ ಸೀಸ ಹೊರಗೆ ಕಾಣುತ್ತದೆ. ಮೈಗೆ ಹೊಕ್ಕ ಕೂಡಲೇ ಅಣಬೆಯ ಹಾಗೆ ಅರಳಿ, ಒಳಗೆಲ್ಲ ಹರಿದುಹಾಕಿ, ಅಲ್ಲೇ ಎಲ್ಲೋ ನಿಲ್ಲುತ್ತದೆ. ಇನ್ನೊಂದು ಸಾಲಿಡ್. ಅದಕ್ಕೆ ಮೂತಿಯವರೆಗೂ ಗಟ್ಟಿ ಲೋಹದ ಕವಚ. ಅದು ಅರಳುವುದಿಲ್ಲ, ಮೂಳೆ ಅಡ್ಡ ಬಂದರೂ ಮುರಿದುಕೊಂಡು ನೆಟ್ಟಗೆ ಹೋಗುತ್ತದೆ, ಎಷ್ಟೋ ಸಲ ಆಚೆ ಕಡೆಯಿಂದ ಹೊರಬೀಳುತ್ತದೆ. ಯಾವುದಕ್ಕೆ ಯಾವುದು ಎಂದು ಷಿಕಾರಿಯವರಲ್ಲಿ ಆಗಲೂ ಜಗಳ ಇತ್ತು.

ದೇವಸಹಾಯಂಗೆ ಆ ಜಗಳ ಎಂದೋ ತೀರಿಹೋಗಿತ್ತು. ಅವನ ಜಾಡಿಯಲ್ಲಿ ಇದ್ದದ್ದೆಲ್ಲ ಅರಳಿದ ಸಾಫ್ಟ್ ಗುಂಡು. ಸಾಲಿಡ್ ಗುಂಡು ಅವನ ಕೈಗೆ ಸಿಗುವುದೇ ಅಪರೂಪ; ಅವನ ಪಾಲಿಗೆ ಬರುತ್ತಿದ್ದದ್ದು ಅದು ಬಿಟ್ಟುಹೋದ ಎರಡು ಸಣ್ಣ ತೂತು, ಒಂದು ಒಳಕ್ಕೆ, ಒಂದು ಹೊರಕ್ಕೆ. ಒಳಗೇ ನಿಂತ ಗುಂಡು ತನ್ನ ಕೆಲಸವನ್ನೆಲ್ಲ ಒಳಗೇ ಮಾಡಿದೆ, ಹೊರಗೆ ಹೋದದ್ದು ಮುಂಗಡ ಸಂಬಳ ಇಸಿದುಕೊಂಡು ಓಡಿಹೋದ ಕೂಲಿಯವನು ಎಂದು ಅವನು ನಗುತ್ತಿದ್ದ. ಕೇಳಿದವರು ತಲೆದೂಗಿ ಹೋಗುತ್ತಿದ್ದರು. ನಾನೂ ದೂಗಿದ್ದೇನೆ. ಜಾಡಿ ಕಣ್ಣೆದುರಿಗೆ ಇರುವಾಗ ಇಲ್ಲ ಎನ್ನುವವರು ಯಾರು?

ಹೀಗೆ ಬರುತ್ತಿದ್ದವರಲ್ಲಿ ಅಗ್ರಹಾರದ ಬಿಂದುಮಾಧವ ರಾಯರು ಒಬ್ಬರು. ಮರದ ಡಿಪೋ ಇಟ್ಟು ಬೆಳೆದವರು, ಕಾಡಿನ ಓಡಾಟದಲ್ಲಿ ಷಿಕಾರಿಯ ಹುಚ್ಚು ಅಂಟಿಸಿಕೊಂಡವರು. ಹೊಡೆಯುತ್ತಿದ್ದರು, ಆದರೆ ಈರುಳ್ಳಿ ಕೂಡ ತಿನ್ನುತ್ತಿರಲಿಲ್ಲ. ಕಾಡಿನಿಂದ ಬಂದರೆ ಹೆಂಡತಿ ಶಾರದಮ್ಮ ಹಿತ್ತಿಲ ಬಾವಿಯ ಹತ್ತಿರವೇ ನಿಲ್ಲಿಸಿ, ತಲೆಗೆ ನೀರು ಹುಯ್ಯಿಸಿ, ಜನಿವಾರ ಬದಲಾಯಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದದ್ದು. ರಾಯರಿಗೂ ದೇವಸಹಾಯಂಗೂ ಒಳ್ಳೆಯ ಸ್ನೇಹ. ವಾರಕ್ಕೊಮ್ಮೆಯಾದರೂ ಬಂದು ಕಾರ್ಖಾನೆಯ ಸ್ಟೂಲಿನ ಮೇಲೆ ಕೂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, ಗಂಟೆಗಟ್ಟಲೆ ಮಾತಾಡಿ ಹೋಗುತ್ತಿದ್ದರು.

ರಾಯರ ತಮ್ಮ ಪೂರ್ವ ಆಫ್ರಿಕಾದ ಟಾಂಗನೀಕಾದಲ್ಲಿ ರೈಲ್ವೆ ಕೆಲಸದಲ್ಲಿದ್ದ. ಐವತ್ತಾರನೇ ಇಸವಿಯಲ್ಲಿ ಅಣ್ಣನನ್ನು ಅಲ್ಲಿಗೆ ಕರೆಸಿಕೊಳ್ಳುವ ಏರ್ಪಾಡು ಮಾಡಿದ. ಅಲ್ಲಿಯ ಕಾಡುಕೋಣವನ್ನು ಹೊಡೆಯಬೇಕು ಎಂಬುದು ರಾಯರ ಬಹುದಿನದ ಆಸೆ. ಹೊಡೆದರೆ ಸಾಲದು, ತಲೆಯನ್ನು ಮೈಸೂರಿನ ಹುಲಿ ಕಾರ್ಖಾನೆಯಲ್ಲೇ ಕೂರಿಸಬೇಕು. ಅದಕ್ಕೆ ಚರ್ಮ ಸುಲಿಯುವವನೂ ಇಲ್ಲಿಯವನೇ ಆಗಬೇಕು, ಅಲ್ಲಿಯವರು ತುಟಿ ಕಿವಿ ಕಣ್ಣುರೆಪ್ಪೆ ಕೆಡಿಸಿಬಿಟ್ಟರೆ ಏನು ಗತಿ? ಹಾಗೆಂದು ಅವರು ಲೂರ್ದುಸ್ವಾಮಿಯನ್ನು ಜೊತೆಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಲೂರ್ದು ಪೌಲಿನ್‌ಳ ತಮ್ಮ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಎತ್ತಿ ಆಡಿಸಿ ಸಾಕಿದ ತಮ್ಮ. ಕಾರ್ಖಾನೆಯಲ್ಲಿ ಅವನಷ್ಟು ಹಗುರ ಕೈಯಿಂದ ಸುಲಿಯುವವರು ಬೇರೆ ಇರಲಿಲ್ಲ.

ಲೂರ್ದು ಹಡಗು ಹತ್ತುವುದಕ್ಕೆ ಕುಣಿಯುತ್ತಿದ್ದ. ಪೌಲಿನ್ ಒಪ್ಪಲಿಲ್ಲ. ಸುಲಿಯುವವನು ಬೇಟೆಗಾರನ ಹಿಂದೆಯೇ ಇರಬೇಕಾಗುತ್ತದೆ, ಗಾಯಗೊಂಡ ಕೋಣ ತಿರುಗಿ ಬಂದರೆ ಅದು ಹೊಡೆದವನು ಯಾರು ಸುಲಿಯುವವನು ಯಾರು ಎಂದು ವಿಚಾರಿಸುವುದಿಲ್ಲ ಎಂಬುದು ಅವಳ ವಾದ. ವಾದ ಸರಿಯಾಗಿಯೇ ಇತ್ತು. ಗೋಡೆಯಾಚೆ ನಾಲ್ಕೈದು ದಿನ ಇದೇ ನಡೆಯಿತು. ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು.

"ಗುಂಡು ನೀವೇ ಆರಿಸಿಕೊಡ್ಬೇಕು. ಊರೋರೆಲ್ಲ ನಿಮ್ ಮಾತು ಕೇಳ್ತಾರಲ್ಲ. ನೀವು ಆರಿಸಿದ್ ಗುಂಡು ತಗೊಂಡು ಹೋಗ್ತಾರೆ ಅಂದ್ರೆ ನನ್ ತಮ್ಮನ್ನ ಕಳಿಸ್ತೀನಿ. ಇಲ್ದಿದ್ರೆ ಬೇಡ."

ದೇವಸಹಾಯಂಗೆ ಇದಕ್ಕಿಂತ ಸಂತೋಷದ ಮಾತು ಬೇಕಿರಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಗಂಡ, ಹೆಂಡತಿ, ಲೂರ್ದು ಮೂವರೂ ಅಗ್ರಹಾರಕ್ಕೆ ಹೋದರು. ರಾಯರು ಜಗುಲಿಯ ಪಕ್ಕದ ಆಫೀಸು ಕೋಣೆಯಲ್ಲಿ ತೋಟಾಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಅವರದು ತ್ರೀ ಸೆವೆಂಟಿಫೈವ್ ರೈಫಲ್. ನಡುಗಾತ್ರದ್ದು, ಆನೆಗೆ ಒಯ್ಯುವ ಜೋಡುನಳಿಗೆಗಿಂತ ಸಣ್ಣದು, ಜಿಂಕೆಯ ರೈಫಲಿಗಿಂತ ದೊಡ್ಡದು. ಬಾಯಿ ದೊಡ್ಡದಾದ ಕೋವಿಯಲ್ಲಿ ಗುಂಡಿನ ಆಯ್ಕೆ ಕೊಂಚ ತಪ್ಪಿದರೂ ಅದರ ಭಾರ ಸ್ವಲ್ಪಮಟ್ಟಿಗೆ ಕಾಯುತ್ತದೆ. ನಡುಗಾತ್ರದ್ದಕ್ಕೆ ಆ ಅನುಕೂಲವಿಲ್ಲ. ಅದರಲ್ಲಿ ಗುಂಡೇ ಎಲ್ಲ. ಹೊರದೇಶದ ಸಾಮಾನು ಬರುವುದು ಕಷ್ಟವಾಗಿದ್ದ ಕಾಲ, ಹೊಸ ತೋಟಾ ಸಿಗುತ್ತಿರಲಿಲ್ಲ. ರಾಯರ ಹತ್ತಿರ ಹಳೆಯ ದಾಸ್ತಾನು ಎರಡು ಬಗೆಯದಿತ್ತು. ಇನ್ನೂರೆಪ್ಪತ್ತು ಗ್ರೇನ್ ತೂಕದ ಸಾಫ್ಟ್, ಮುನ್ನೂರು ಗ್ರೇನಿನ ಸಾಲಿಡ್.

ದೇವಸಹಾಯಂ ಪಂಚಾಯ್ತಿ ಯಜಮಾನನ ಹಾಗೆ ಕೂತ. ಮೊದಲು ಹಿತ್ತಾಳೆ ಹಸಿರು ಕಟ್ಟಿದ್ದ ತೋಟಾಗಳನ್ನು ಪಕ್ಕಕ್ಕೆ ಸರಿಸಿದ; ಒಳಗಿನ ಮದ್ದು ಕೆಟ್ಟಿರಬಹುದು, ಆಫ್ರಿಕಾದ ಸೆಕೆಯಲ್ಲಿ ಅದು ಹೇಗೆ ವರ್ತಿಸುವುದೋ ಗೊತ್ತಿಲ್ಲ ಎಂದ. ಅದು ಸರಿಯಾದ ಮಾತೇ. ಆಮೇಲೆ ಸಾಫ್ಟ್ ತೋಟಾಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಸಾಲಿಡ್ ಪೆಟ್ಟಿಗೆಯನ್ನು ಮುಚ್ಚಿ ರಾಯರ ಕೈಗೆ ಕೊಟ್ಟು, ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ದಾರಿ ಖರ್ಚಿಗೂ ಬೇಡ ಎಂದ. ಸಿಂಹಕ್ಕೂ ಕೋಣಕ್ಕೂ ಎಲ್ಲಕ್ಕೂ ಸಾಫ್ಟ್ ಸಾಕು ಎಂದ. ರಾಯರು ಒಂದು ಗಳಿಗೆ ಪೆಟ್ಟಿಗೆಯನ್ನು ನೋಡಿದರು. ಕೋಣದ ಹೆಗಲಿನ ಮೂಳೆ ದಪ್ಪ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ದೇವಸಹಾಯಂ ಜಾಡಿಯ ಮಾತೆತ್ತಿದ. ಪೌಲಿನ್ ಬಾಗಿಲ ಹತ್ತಿರ ನಿಂತು ಗಂಡನನ್ನೇ ನೋಡುತ್ತಿದ್ದಳು.

"ಆಗಲಿ, ನೀವು ಹೇಳಿದ ಮೇಲೆ ಮುಗೀತು," ಎಂದು ರಾಯರು ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು.

ನಮ್ಮ ಊರಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಮೈಸೂರಿನವರಿಗೆ ಎದುರಿಗೆ ಕೂತವರ ಮುಖ ನೋಡಿ ಇಲ್ಲ ಎನ್ನುವುದಕ್ಕೆ ಬರುವುದಿಲ್ಲ. ಮದುವೆಗೆ ಬರುತ್ತೀರಾ ಎಂದರೆ ಬರುತ್ತೇವೆ ಎನ್ನುತ್ತಾರೆ, ಊಟ ಹೇಗಿತ್ತು ಎಂದರೆ ಪೊಗದಸ್ತಾಗಿತ್ತು ಎನ್ನುತ್ತಾರೆ. ಇದನ್ನು ಮರ್ಯಾದೆ ಎಂದು ನಾವೇ ಹೊಗಳಿಕೊಳ್ಳುತ್ತೇವೆ. ನನಗೆ ಕೇಳಿದರೆ ಅರ್ಧ ಮರ್ಯಾದೆ, ಅರ್ಧ ಪುಕ್ಕಲುತನ.

ಅವರು ಬೊಂಬಾಯಿಗೆ ರೈಲು ಹತ್ತಿ, ಅಲ್ಲಿಂದ ಹಡಗಿನಲ್ಲಿ ಹೋದರು. ಪೌಲಿನ್ ತಮ್ಮನ ಕೊರಳಿಗೆ ತನ್ನ ಜಪಸರವನ್ನೇ ಹಾಕಿ ಕಳಿಸಿದಳು. ದೇವಸಹಾಯಂ ಕಾರ್ಖಾನೆಯಲ್ಲಿ ಎದೆ ಸೆಟೆಸಿಕೊಂಡು ಓಡಾಡಿದ.

ಅವರು ಹೋಗಿ ಒಂದು ತಿಂಗಳಾಗಿರಬೇಕು, ಕಾರ್ಖಾನೆಗೆ ಆಫ್ರಿಕಾದ ಇನ್ನಾವುದೋ ಸಾಹೇಬ ಕಳಿಸಿದ ಪೆಟ್ಟಿಗೆ ಬಂತು. ಅದರಲ್ಲಿ ಒಂದು ಮುದಿ ಕಾಡುಕೋಣದ ಬುರುಡೆ, ಕತ್ತು ಹೆಗಲಿನ ಚರ್ಮ. ದೇವಸಹಾಯಂ ಎಂದಿನ ಹಾಗೆ ಬುರುಡೆ ಬೇಯಿಸಿ ಕೆರೆಯುವುದಕ್ಕೆ ಕೂತ. ಕೊಂಬಿನ ಬುಡದ ಕೆಳಗೆ, ಹಣೆಯ ಮೂಳೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಚಾಕು ಹಾಕಿದರೆ ಒಳಗೆ ಸೀಸ. ಬಿಡಿಸಿ ತೆಗೆದ. ಸಾಫ್ಟ್ ಗುಂಡು, ಬಿಲ್ಲೆಯ ಹಾಗೆ ಚಪ್ಪಟೆಯಾಗಿತ್ತು. ಅದರ ಸುತ್ತ ಮೂಳೆ ಬೆಳೆದು ಮುಚ್ಚಿಕೊಂಡಿತ್ತು.

ಸತ್ತ ಮೇಲೆ ಮೂಳೆ ಬೆಳೆಯುವುದಿಲ್ಲ. ಅಂದರೆ ಈ ಗುಂಡು ತಗಲಿ ವರ್ಷಗಳಾಗಿವೆ. ಯಾರೋ ಎಂದೋ ಹೊಡೆದಿದ್ದಾನೆ, ಗುಂಡು ಮೂಳೆಗೆ ಬಡಿದು ಅಲ್ಲೇ ಚಪ್ಪಟೆಯಾಗಿದೆ, ಕೋಣ ಬದುಕಿ ಓಡಾಡಿಕೊಂಡಿದೆ. ದೇವಸಹಾಯಂ ಎದ್ದು ಹೋಗಿ ಚರ್ಮವನ್ನು ಬಿಡಿಸಿ ನೋಡಿದ. ಎರಡು ಹೆಗಲಿನಲ್ಲೂ ಒಂದೊಂದು ಸಣ್ಣ ದುಂಡನೆ ತೂತು. ಕೊನೆಗೆ ಅದನ್ನು ಕೆಡವಿದ್ದು ಸಾಲಿಡ್.

ಅವನು ವಾಪಸು ಬಂದು ಸ್ಟೂಲಿನ ಮೇಲೆ ಕೂತು ಜಾಡಿಯನ್ನು ನೋಡಿದ. ಇಷ್ಟು ವರ್ಷ ಅದರಲ್ಲಿ ತುಂಬಿಟ್ಟದ್ದು ಗೆದ್ದ ಗುಂಡುಗಳನ್ನು ಮಾತ್ರ. ಸೋತ ಗುಂಡನ್ನು ಮೈಯಲ್ಲಿಟ್ಟುಕೊಂಡು ಹೋದ ಪ್ರಾಣಿ ಯಾವುದೂ ಮೈಸೂರಿಗೆ ಬರುವುದಿಲ್ಲ. ಅಂಥ ಗುಂಡು ಹೊಡೆದವನೂ ಎಷ್ಟೋ ಸಲ ಬರುವುದಿಲ್ಲ. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದವರನ್ನಷ್ಟೇ ಕೇಳಿ ಡಾಕ್ಟರ ಕೈಗುಣವನ್ನು ಹೊಗಳಿದ ಹಾಗಾಯಿತು ಅವನ ವಿದ್ಯೆ. ಈ ಲೆಕ್ಕ ತಲೆಗೆ ಹೋದ ಕೂಡಲೇ ಅವನಿಗೆ ಲೂರ್ದು ನೆನಪಾದ. ಭಯವಾಯಿತು. ಇದನ್ನೆಲ್ಲ ಅವನೇ ಆಮೇಲೆ ನನ್ನ ಹತ್ತಿರ ಹೇಳಿಕೊಂಡ.

ಕೆಲಸ ಅರ್ಧಕ್ಕೆ ಬಿಟ್ಟು ಸೈಕಲ್ ತುಳಿದುಕೊಂಡು ಅಗ್ರಹಾರಕ್ಕೆ ಹೋದ. ಶಾರದಮ್ಮ ಬಾಗಿಲಿಗೆ ಬಂದರು. ರಾಯರ ತಮ್ಮನ ವಿಳಾಸ ಬೇಕು ಎಂದ. ಮೇಲುಮಾತಿಗೆ ಎಂಬಂತೆ, ರಾಯರು ಗುಂಡು ಯಾವುದನ್ನು ತೆಗೆದುಕೊಂಡು ಹೋದರು, ತಮಗೇನಾದರೂ ಗೊತ್ತೇ ಎಂದು ಕೇಳಿದ. ಆಕೆಗೆ ಅವನ ಮುಖ ನೋಡಿ ಏನನ್ನಿಸಿತೋ, ಸಮಾಧಾನ ಹೇಳುವವರ ಹಾಗೆ ಹೇಳಿದರು.

"ನೀವು ಆರಿಸಿಕೊಟ್ಟಿದ್ದನ್ನೇ ತಗೊಂಡು ಹೋದ್ರು ಕಣಪ್ಪ. ನಿಮ್ಮ ಮಾತು ಮೀರ್ತಾರಾ?"

ಅವನಿಗೆ ಉಳಿದಿದ್ದ ಒಂದು ಆಸೆಯೂ ಹೋಯಿತು. ನೇರ ತಂತಿ ಆಫೀಸಿಗೆ ಹೋಗಿ, ಅಲ್ಲಿಯ ಗುಮಾಸ್ತರ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದ. ಕೋಣಕ್ಕೆ ಸಾಲಿಡ್ಡೇ ಹೊಡೆಯಿರಿ, ಅಲ್ಲೇ ಎಲ್ಲಾದರೂ ಕೊಂಡುಕೊಳ್ಳಿ, ನಾನು ಹೇಳಿದ್ದು ತಪ್ಪು. ಕೊನೆಯ ಮಾತು ಬೇಕೇ, ಸುಮ್ಮನೆ ಪದ ಜಾಸ್ತಿ ಆಗುತ್ತೆ ಎಂದು ಗುಮಾಸ್ತರು ಕೇಳಿದರಂತೆ. ಇರಲಿ ಎಂದನಂತೆ.

ಉತ್ತರ ಬರಲಿಲ್ಲ. ಅವರು ಕಾಡಿಗೆ ಹೋಗಿರಬೇಕು, ತಂತಿ ತಮ್ಮನ ಮನೆಯಲ್ಲೇ ಬಿದ್ದಿರಬೇಕು ಎಂದು ಅವನು ಲೆಕ್ಕ ಹಾಕಿದ. ಹಾಗೇ ಆಗಿತ್ತು ಕೂಡ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ದೊಡ್ಡ ಚರ್ಚಿಗೆ ಹೋಗಿ ಮಂಡಿಯೂರುವುದು, ಸಂಜೆ ಬರುವಾಗ ತಂತಿ ಆಫೀಸಿನ ಮುಂದೆ ಸೈಕಲ್ ಇಳಿಯುವುದು, ಇದೇ ಅವನ ದಿನಚರಿಯಾಯಿತು. ಊಟ ಸೇರದೆ ಸೊರಗಿದ. ಪೌಲಿನ್ ಕೇಳಿದಾಗ ತಲೆನೋವು ಎಂದ, ಅಜೀರ್ಣ ಎಂದ. ಅವಳೇನು ಮಗುವೇ? ಒಂದು ಸಂಜೆ ತಟ್ಟೆ ಮುಂದಿಟ್ಟು, ಎದುರಿಗೆ ಕೂತು, ಹೇಳುವವರೆಗೆ ಅನ್ನ ಬಡಿಸುವುದಿಲ್ಲ ಎಂದಳು. ಅವನು ಹೇಳಿದ. ನಾನು ಆರಿಸಿಕೊಟ್ಟ ಗುಂಡು ಕೋಣಕ್ಕೆ ಆಗುವುದಿಲ್ಲ, ಲೂರ್ದು ಆ ಗುಂಡಿನ ಹಿಂದೆ ನಿಂತಿರುತ್ತಾನೆ ಎಂದ.

ಗೋಡೆಯ ಈಚೆಗೆ ನಾವು ಕೂಗಾಟ ಕೇಳಿಸುತ್ತದೆ ಎಂದುಕೊಂಡೆವು. ಏನೂ ಕೇಳಿಸಲಿಲ್ಲ. ಪೌಲಿನ್ ಎದ್ದು ಅನ್ನ ಬಡಿಸಿ ಒಳಗೆ ಹೋದಳು. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಬುತ್ತಿ ಕಟ್ಟುವಳು, ಬಟ್ಟೆ ಒಗೆಯುವಳು, ಅಕ್ಕಿ ತರಬೇಕಾದರೆ ಖಾಲಿ ಡಬ್ಬವನ್ನು ಅವನ ಕಣ್ಣಿಗೆ ಬೀಳುವ ಹಾಗೆ ಇಡುವಳು. ಮಾತಿಲ್ಲ. ನನ್ನ ಹೆಂಡತಿ ಒಂದೆರಡು ಸಲ ಸಂಧಾನಕ್ಕೆ ಹೋಗಿ, ಕಾಫಿ ಕುಡಿದು ಬರಿಗೈಯಲ್ಲಿ ಬಂದಳು. ದೇವಸಹಾಯಂ ಜಾಡಿಯನ್ನು ಕಿಟಕಿಯಿಂದ ತೆಗೆದು ಬೆಂಚಿನ ಕೆಳಗೆ ತಳ್ಳಿದ. ಯಾರಾದರೂ ಗುಂಡಿನ ವಿಷಯ ಕೇಳಲು ಬಂದರೆ ಕೆಲಸವಿದೆ ಎಂದು ಕಳಿಸುತ್ತಿದ್ದ.

ದಸರಾ ಕಳೆದು ಚಳಿ ಬೀಳುವ ಹೊತ್ತಿಗೆ ಬೊಂಬಾಯಿಯಿಂದ ತಂತಿ ಬಂತು: ಬರುತ್ತಿದ್ದೇವೆ. ಇಬ್ಬರೋ ಒಬ್ಬರೋ ತಂತಿ ಹೇಳಲಿಲ್ಲ. ಸ್ಟೇಷನ್ನಿಗೆ ದೇವಸಹಾಯಂ ಹೋದ, ಪೌಲಿನ್ ಅವನಿಂದ ಹತ್ತು ಮಾರು ದೂರದಲ್ಲಿ ನಿಂತಳು. ರೈಲಿನಿಂದ ಮೊದಲು ರಾಯರು ಇಳಿದರು. ಅವರ ಹಿಂದೆ ಹಾಸಿಗೆ ಸುರುಳಿ ಹೊತ್ತು, ಕಪ್ಪಗೆ ಸುಟ್ಟುಕೊಂಡು, ಹಲ್ಲು ಬಿಟ್ಟುಕೊಂಡು ಲೂರ್ದು ಇಳಿದ. ಪೌಲಿನ್ ಓಡಿಹೋಗಿ ತಮ್ಮನ ಕೆನ್ನೆಗೆ ಒಂದು ಬಿಟ್ಟು ಆಮೇಲೆ ತಬ್ಬಿಕೊಂಡಳು. ಕೆನ್ನೆಗೆ ಯಾಕೆ ಎಂದು ಅವನಿಗೆ ತಿಳಿಯಲಿಲ್ಲ.

ರಾಯರು ದೇವಸಹಾಯಂ ಕಡೆಗೆ ಬಂದು ಅವನ ಮುಖವನ್ನು ನೋಡಿದರು. ಆರು ತಿಂಗಳಲ್ಲಿ ಅವನು ಅರ್ಧಕ್ಕರ್ಧ ಇಳಿದಿದ್ದ. ರಾಯರು ಜೇಬಿನಿಂದ ಒಂದು ಗುಂಡು ತೆಗೆದು ಅವನ ಅಂಗೈಯಲ್ಲಿಟ್ಟರು. ಚೆನ್ನಾಗಿ ಅರಳಿದ ಸಾಫ್ಟ್ ಗುಂಡು.

"ನಿಮ್ಮ ತಂತಿ ಸಿಗೋ ಹೊತ್ತಿಗೆ ಕೋಣ ಬಿದ್ದಾಗಿತ್ತು. ನೀವು ಮೊದಲು ಹೇಳಿದ್ದೇ ಸರಿ ದೇವಸಹಾಯಂ, ಸುಮ್ಮನೆ ಸಂಕಟಪಟ್ಟಿರಿ. ಇದೇ ಗುಂಡು ಅದನ್ನ ಕೆಡವಿದ್ದು. ಜಾಡಿಗೆ ಹಾಕಿಕೊಳ್ಳಿ."

ಅವತ್ತು ಸಂಜೆ ಗೋಡೆಯಾಚೆಯಿಂದ ಪೌಲಿನ್‌ಳ ದನಿ ಕೇಳಿಸಿತು. ತಿಂಗಳುಗಟ್ಟಲೆ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಒಂದೇ ಸಲ ಬಡಿಸುತ್ತಿದ್ದಳು. ನಮಗೆಲ್ಲ ನೆಮ್ಮದಿಯಾಯಿತು. ಜಾಡಿ ಮತ್ತೆ ಕಿಟಕಿಗೆ ಬಂತು. ರಾಯರು ಸುಮ್ಮನಿರಲಿಲ್ಲ, ಕ್ಲಬ್ಬಿನಲ್ಲಿ, ಡಿಪೋದಲ್ಲಿ, ಸಿಕ್ಕಿದವರಿಗೆಲ್ಲ ದೇವಸಹಾಯಂನ ಗುಂಡು ಆಫ್ರಿಕಾದಲ್ಲೂ ಗೆದ್ದ ಕತೆ ಹೇಳಿದರು. ದೇವಸಹಾಯಂಗೆ ಮಾತ್ರ ಒಳಗೊಳಗೇ ಏನೋ ಕೊರೆಯುತ್ತಿತ್ತು. ಹಣೆಯ ಮೂಳೆಯಲ್ಲಿ ಸಿಕ್ಕ ಬಿಲ್ಲೆಯನ್ನು ಅವನು ಎಸೆದಿರಲಿಲ್ಲ.

ರಾಯರು ಹೊಡೆದ ಪ್ರಾಣಿಗಳ ಚರ್ಮದ ಪೆಟ್ಟಿಗೆ ಬೇರೆ ಹಡಗಿನಲ್ಲಿ ನಿಧಾನವಾಗಿ ಬಂತು. ಕಾರ್ಖಾನೆಯಲ್ಲಿ ಪೆಟ್ಟಿಗೆ ಒಡೆದು, ಉಪ್ಪು ಕೊಡವಿ, ಕೋಣದ ಚರ್ಮವನ್ನು ನೆನೆಹಾಕಿ ಮೆತ್ತಗೆ ಮಾಡಿದ ಮೇಲೆ ದೇವಸಹಾಯಂ ಅದನ್ನು ಒಳಮಗ್ಗುಲು ಮೇಲೆ ಮಾಡಿ ಬೆಂಚಿನ ಮೇಲೆ ಹರಡಿದ. ಸುಲಿದ ಕೈ ಲೂರ್ದುವಿನದು, ಕೆಲಸ ಲಕ್ಷಣವಾಗಿತ್ತು. ಬಲ ಹೆಗಲಿನಲ್ಲಿ ಒಂದು ಸಣ್ಣ ದುಂಡನೆ ತೂತು. ಎಡ ಹೆಗಲಿನಲ್ಲಿ ಇನ್ನೊಂದು, ಅಷ್ಟೇ ಸಣ್ಣದು. ಅವನು ಎರಡರಲ್ಲೂ ಕಿರುಬೆರಳು ತೂರಿಸಿ ನೋಡಿದ. ಅರಳಿದ ಗುಂಡು ಇಷ್ಟು ಸಣ್ಣ ತೂತಿನಿಂದ ಹೊರಗೆ ಹೋಗುವುದಿಲ್ಲ.

ಲೂರ್ದುವನ್ನು ಕರೆದ. ಕೋಣಕ್ಕೆ ಹೊಡೆದದ್ದು ಯಾವ ಗುಂಡು ಎಂದು ಕೇಳಿದ. ನೀವು ಹೇಳಿದ್ದೇ ಬಾವ ಎಂದು ಲೂರ್ದು ಕಣ್ಣು ಬೇರೆ ಕಡೆ ಮಾಡಿದ. ದೇವಸಹಾಯಂ ಅವನ ಬೆರಳನ್ನು ಹಿಡಿದು ತೂತಿನಲ್ಲಿ ಇಟ್ಟ. ಆಮೇಲೆ ಲೂರ್ದು ಬಾಯಿ ಬಿಟ್ಟ.

"ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ ಅಂದ್ರು ರಾಯ್ರು. ನಾವೆಲ್ಲ ಅವರ ಮನೆಯಿಂದ ಬಂದ ಮೇಲೆ ಬೀರು ತೆಗೆದು ಆ ಪೆಟ್ಟಿಗೆನೂ ಟ್ರಂಕಿಗೆ ಹಾಕ್ಕೊಂಡಿದ್ರಂತೆ. ಆಳೆತ್ತರ ಹುಲ್ಲು ಬಾವ. ಈ ಬಾಗಿಲಿಂದ ಆ ಗೋಡೆಗೆ ಇದೆಯಲ್ಲ, ಅಷ್ಟೇ ದೂರದಲ್ಲಿ ಅಡ್ಡಕ್ಕೆ ನಿಂತ್ಬುಟ್ಟಿತ್ತು. ನಮ್ ಕಡೆಗೆ ತಲೆ ತಿರುಗಿಸ್ತು. ರಾಯ್ರು ಹೊಡೆದ್ರು. ಎರಡು ಹೆಗಲೂ ಮುರಿದು ನಿಂತಲ್ಲೇ ಕುಸೀತು. ಅರಳೋ ಗುಂಡಾಗಿದ್ರೆ ಮೊದಲನೇ ಮೂಳೆಗೇ ನಿಂತ್ಬುಡ್ತಿತ್ತು ಕಣೋ ಅಂತ ಆಮೇಲೆ ರಾಯ್ರೇ ಅಂದ್ರು. ನಿಮ್ಗೆ ಕೊಟ್ಟಿದ್ದು ಅಲ್ಲಿ ಹೊಡೆದ ಜಿಂಕೆ ಮೈಯಿಂದ ತೆಗೆದ ಗುಂಡು."

ಬೇರೆಯವನಾಗಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದ. ತನ್ನ ಮಾತಿಗೆ ತಲೆಯಾಡಿಸಿ ಬೆನ್ನ ಹಿಂದೆ ಬೀರು ತೆಗೆದರಲ್ಲ ಎಂದು ಕುದಿಯುತ್ತಿದ್ದ. ದೇವಸಹಾಯಂಗೆ ಬಂದದ್ದು ಅಳು. ಲೂರ್ದುವಿನ ತಲೆ ಸವರಿ, ಎದ್ದು ಚರ್ಚಿಗೆ ಹೋಗಿ, ತನ್ನ ಮಾತನ್ನು ರಾಯರು ಕೇಳದೆ ಇದ್ದದ್ದಕ್ಕಾಗಿ ಮಾತೆಯ ಮುಂದೆ ಮೇಣದ ಬತ್ತಿ ಹಚ್ಚಿ ಬಂದ. ಇಂಥ ಕಾರಣಕ್ಕೆ ಬತ್ತಿ ಹಚ್ಚಿದವನು ಮೈಸೂರಿನಲ್ಲಿ ಇನ್ನೊಬ್ಬನಿರಲಾರ.

ಇಲ್ಲಿಗೆ ಮುಗಿಯಬಹುದಿತ್ತು. ಅವನಿಗೆ ಗೊತ್ತಾದದ್ದು ರಾಯರಿಗೆ ತಿಳಿಯದು, ಅವನೂ ಹೇಳಲಿಲ್ಲ. ಅವರು ಮರ್ಯಾದೆಗೆ ಸುಳ್ಳು ಹೇಳಿದ್ದಾರೆ, ತಾನು ಮರ್ಯಾದೆಗೆ ನಂಬಿದ ಹಾಗಿದ್ದರಾಯಿತು ಎಂದುಕೊಂಡ. ನಮ್ಮ ಊರಿನ ಲೆಕ್ಕದಲ್ಲಿ ಅದೇ ಸರಿ. ಆದರೆ ಒಂದು ದಿನ ರಾಯರು ಒಬ್ಬರನ್ನು ಜೊತೆಗೆ ಕರೆದುಕೊಂಡು ಕಾರ್ಖಾನೆಗೆ ಬಂದರು. ಅವತ್ತು ನಾನೂ ಅಲ್ಲಿದ್ದೆ. ಬಂದವರು ಒಂಟಿಕೊಪ್ಪಲಿನ ರಾಮಯ್ಯನವರು, ರಸ್ತೆ ಕಂಟ್ರಾಕ್ಟರು. ಕಾಡಿನ ಕೆಲಸದ ಕ್ಯಾಂಪಿನಲ್ಲಿ ಕೂಲಿಯವರ ಮೇಲೆ ಬೀಳುತ್ತಿದ್ದ ಒಂದು ಒಂಟಿ ಕಾಡುಕೋಣವನ್ನು ಹೊಡೆಯುವುದಕ್ಕೆ ಅವರಿಗೆ ಅಪ್ಪಣೆಯಾಗಿತ್ತು. ಅವರದೂ ತ್ರೀ ಸೆವೆಂಟಿಫೈವೇ. ಜೊತೆಗೆ ಜಾಡು ತೋರಿಸುವುದಕ್ಕೆ ಕಾಡುಜನರ ಹಾಡಿಯ ಇಬ್ಬರು ಬರುತ್ತಾರೆ ಎಂದರು.

ರಾಯರು ಉತ್ಸಾಹದಿಂದ ಜಾಡಿಯನ್ನು ತಾವೇ ಎತ್ತಿ ಮೇಜಿನ ಮೇಲೆ ಸುರಿದರು. ಆಫ್ರಿಕಾದ ಗುಂಡನ್ನು ಹುಡುಕಿ ತೆಗೆದು ರಾಮಯ್ಯನವರಿಗೆ ತೋರಿಸಿ, ದೇವಸಹಾಯಂ ಏನು ಹೇಳುತ್ತಾರೋ ಅದನ್ನೇ ಮಾಡಿ, ಇವರ ಮಾತು ಕೇಳಿಯೇ ನಾವು ಬದುಕಿ ಬಂದದ್ದು ಎಂದರು. ರಾಮಯ್ಯನವರು ಭಕ್ತಿಯಿಂದ ಅವನ ಕಡೆ ತಿರುಗಿದರು. ರಾಯರು ನಗುತ್ತಿದ್ದರು. ತಾವು ಮಾಡಿದ ಉಪಕಾರ ಅಲ್ಲಿಗೆ ನಿಲ್ಲುವುದಿಲ್ಲ, ಇನ್ನೊಬ್ಬರ ಕೋವಿಯೊಳಕ್ಕೆ ಹೋಗುತ್ತದೆ ಎಂದು ಆ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ.

ದೇವಸಹಾಯಂ ಸೂಜಿಯನ್ನು ಕೆಳಗಿಟ್ಟ. ಅವನ ಕಷ್ಟ ನನಗೆ ಕಾಣುತ್ತಿತ್ತು. ನಿಜ ಹೇಳಿದರೆ ರಾಯರು ಹತ್ತು ಜನರೆದುರು ಸುಳ್ಳುಗಾರರಾಗುತ್ತಾರೆ, ತಾನು ಹುಂಬನಾಗುತ್ತಾನೆ. ಹೇಳದಿದ್ದರೆ ಹಾಡಿಯ ಇಬ್ಬರು ಸಾಫ್ಟ್ ಗುಂಡಿನ ಹಿಂದೆ ನಿಲ್ಲುತ್ತಾರೆ. ಅವನು ಎದ್ದು ಹೋಗಿ ಒಳಗಿನಿಂದ ರಾಯರ ಕೋಣದ ಚರ್ಮವನ್ನು ಹೊತ್ತು ತಂದು, ಒಳಮಗ್ಗುಲು ಮೇಲೆ ಮಾಡಿ, ರಾಮಯ್ಯನವರ ಮುಂದೆ ಹರಡಿದ. ಎರಡು ತೂತನ್ನೂ ತೋರಿಸಿದ.

"ರಾಯರು ನನ್ ಮಾತು ಕೇಳ್ಲಿಲ್ಲ ಸ್ವಾಮಿ. ಸಾಲಿಡ್ ಹೊಡೆದ್ರು. ಅದಕ್ಕೇ ನಮ್ ಲೂರ್ದು ಬದುಕಿದಾನೆ. ನನ್ನ ಹತ್ರ ಬರೋದೆಲ್ಲ ಸತ್ತಿರೋ ಪ್ರಾಣಿಗಳು, ಬದುಕಿ ಹೋದವು ಇಲ್ಲಿಗೆ ಬರಲ್ಲ. ನನ್ನ ಕೇಳ್ಬೇಡಿ."

ಮತ್ತೆ ಆ ಚಪ್ಪಟೆ ಬಿಲ್ಲೆಯನ್ನು ಜೇಬಿನಿಂದ ತೆಗೆದು ಅವರ ಕೈಯಲ್ಲಿಟ್ಟ. ಅದು ಯಾವಾಗಲೂ ಅವನ ಜೇಬಿನಲ್ಲೇ ಇರುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗ.

ರಾಯರ ಮುಖ ಕೆಂಪಾಗಿತ್ತು. ಅವರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು, ಮತ್ತೊಮ್ಮೆ ಒರೆಸಿದರು. ಆಮೇಲೆ ರಾಮಯ್ಯನವರ ಕಡೆ ತಿರುಗಿ, ಅವರು ಹೇಳುತ್ತಿರುವುದು ನಿಜ, ಸಾಲಿಡ್ ತೆಗೆದುಕೊಂಡು ಹೋಗಿ, ನಿಮ್ಮ ಹತ್ತಿರ ಇಲ್ಲದಿದ್ದರೆ ನನ್ನ ಹತ್ತಿರ ಮಿಕ್ಕಿದ್ದು ಇದೆ, ಅದಕ್ಕೆ ಬೇಕಾದ ಕಾಗದಪತ್ರ ಮಾಡಿಸಿಕೊಂಡು ಬನ್ನಿ ಎಂದರು. ರಾಮಯ್ಯನವರು ಕೋಣ ಹೊಡೆದು, ಹಾಡಿಯ ಇಬ್ಬರನ್ನೂ ಜೋಪಾನವಾಗಿ ವಾಪಸು ತಂದರು. ಆ ಕೋಣದ ಚರ್ಮವೂ ಅದೇ ಕಾರ್ಖಾನೆಗೆ ಬಂತು, ಅದೇ ಸಣ್ಣ ತೂತುಗಳ ಸಮೇತ.

ರಾಯರು ಎರಡು ವಾರ ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ. ಮೂರನೇ ವಾರ ಬಂದು, ಸ್ಟೂಲು ಎಳೆದುಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕೂತರು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಗುಂಡಿನ ಬಗ್ಗೆ ಕೇಳಿಕೊಂಡು ಅವನ ಕಿಟಕಿಗೆ ಬರುವವರು ನಿಧಾನವಾಗಿ ಕಡಿಮೆಯಾದರು. ಜಾಡಿಯನ್ನು ಪೌಲಿನ್ ವಾಪಸು ತಂದು, ಬಿಸಿನೀರಿನಲ್ಲಿ ತೊಳೆದು ಹುಣಸೆಹಣ್ಣು ತುಂಬಿದಳು.

ರಾಯರ ಕೋಣದ ತಲೆ ಕತ್ತು ಹೆಗಲಿನ ಸಮೇತ ತಯಾರಾಗಿ ಅಗ್ರಹಾರಕ್ಕೆ ಹೋಯಿತು. ಶಾರದಮ್ಮ ಅದನ್ನು ನಡುಮನೆಗೆ ಬಿಟ್ಟುಕೊಳ್ಳಲಿಲ್ಲ, ಆಫೀಸು ಕೋಣೆಯ ಗೋಡೆಗೆ ಹಾಕಿಸಿದರು. ತೂತಿನ ಜಾಗ ಹೊಡೆದವನಿಗೂ ಸಿಗದ ಹಾಗೆ ಹೊಲಿಯುತ್ತಿದ್ದ ದೇವಸಹಾಯಂ ಆ ಎರಡನ್ನು ಮಾತ್ರ ಹಾಗೆ ಹೊಲಿದಿರಲಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹೆಗಲಿನ ಕೂದಲಲ್ಲಿ ಬೆರಳಾಡಿಸಿದರೆ ದಾರದ ಗಂಟು ತಾಕುತ್ತದೆ. ಪೌಲಿನ್ ಶಾರದಮ್ಮನವರನ್ನು ನೋಡುವುದಕ್ಕೆ ಹೋದಾಗಲೆಲ್ಲ ಆ ಕೋಣೆಯಲ್ಲಿ ಒಂದು ಗಳಿಗೆ ನಿಂತು, ತುದಿಗಾಲಿನ ಮೇಲೆ ಎದ್ದು, ಆ ಗಂಟನ್ನು ಮುಟ್ಟಿ ಬರುತ್ತಿದ್ದಳು.